ಗುಮಾಸ್ತನ ಕೋಟಿನ ಕೆಸರು

(ಯುರೋಪಿನ ಆಗ್ನೇಯ ಮೂಲೆಯ ಬಾಲ್ಕನ್ ನಾಡುಗಳ ಜನಪದ ಹಾಡುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿರಸಿಯ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: “‘ಉಸ್ಕುದಾರ್’ ಹಾಡನ್ನು ನೀವು ‘ಟರ್ಕಿಯ ಹಾಡು’ ಎಂದು ಬರೆದಿದ್ದೀರಿ. ಜರ್ಮನಿಯಲ್ಲಿರುವ ನನ್ನ ಮಗಳು ಅದನ್ನು ತನ್ನ ಕಚೇರಿಯ ಸೆರ್ಬಿಯಾದ ಗೆಳತಿಗೆ ಕೇಳಿಸಿದಳು. ‘ಇದು ನನ್ನ ಅಜ್ಜಿ ಹಾಡುತ್ತಿದ್ದ ಹಾಡು, ಟರ್ಕಿಯದು ಹೇಗಾದೀತು’ ಎಂದು ಆಕೆ ಬೇಸರ ಮಾಡಿಕೊಂಡಳಂತೆ. ಹಾಗಾದರೆ ಹಾಡು ಯಾರದು? ಬಲ್ಲವರು ಇಷ್ಟು ವರ್ಷಗಳಲ್ಲಿ ಒಂದು ತೀರ್ಮಾನ ಹೇಳಬಾರದೇ? ಅಲ್ಲಿನ ಹಾಡುಗಾರರಲ್ಲಿ ಅನೇಕರು ರೋಮಾ ಜನ, ಅವರ ಮೂಲ ಭಾರತ ಎಂದು ನೀವೇ ಬರೆದಿದ್ದೀರಿ. ಅಂದ ಮೇಲೆ ಹಾಡಿನ ಬೇರು ನಮ್ಮದೇ ಎನ್ನಲು ಏನಡ್ಡಿ? ಇಲ್ಲವಾದರೆ ಹಾಡು ಎಲ್ಲರದ್ದು ಎಂದು ಜಗಳ ಮುಗಿಸುವುದೇ ಒಳ್ಳೆಯದಲ್ಲವೇ?”)

ಮಾನ್ಯ ಮಾಸ್ತರರಿಗೆ ನಮಸ್ಕಾರ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ‘ಟರ್ಕಿಯ ಹಾಡು’ ಎಂದು ನಾವು ಬರೆದದ್ದು ಸರಿಯಲ್ಲ. ‘ಟರ್ಕಿ ಭಾಷೆಯ ಹಾಡು’ ಎಂದಿದ್ದರೆ ಸರಿಯಾಗುತ್ತಿತ್ತು. ಕೇಳುವುದಕ್ಕೆ ಸಣ್ಣ ವ್ಯತ್ಯಾಸ, ಆದರೆ ನಿಮ್ಮ ಮಗಳ ಗೆಳತಿಗೆ ಬೇಸರವಾದದ್ದು ಇಲ್ಲಿಯೇ. ನಾವು ಹೇಳಹೊರಟದ್ದು ಮಾತಿನ ಬಗ್ಗೆ, ಆಕೆ ಕೇಳಿಸಿಕೊಂಡದ್ದು ಮಟ್ಟಿನ ಬಗ್ಗೆ. ನಿಮ್ಮ ಪ್ರಶ್ನೆಗೆ ಇದೇ ತುದಿಯಿಂದ ಉತ್ತರಿಸಲು ಪ್ರಯತ್ನಿಸುತ್ತೇನೆ.

ನಿಮ್ಮ ಮಗಳ ಕಚೇರಿಯಲ್ಲಿ ನಡೆದದ್ದು ಹೊಸ ಸಂಗತಿಯಲ್ಲ. ಬಲ್ಗೇರಿಯಾದ ಚಿತ್ರ ನಿರ್ದೇಶಕಿ ಅದೆಲಾ ಪೀವಾ 2003ರಲ್ಲಿ ‘ಈ ಹಾಡು ಯಾರದು?’ ಎಂಬ ಸಾಕ್ಷ್ಯಚಿತ್ರವನ್ನು ಹೊರತಂದರು. ಅದು ಶುರುವಾಗುವುದೇ ಇಂಥ ಒಂದು ಮಾತಿನಿಂದ. ಇಸ್ತಾಂಬುಲ್‌ನ ಊಟದ ಮನೆಯೊಂದರಲ್ಲಿ ಬೇರೆಬೇರೆ ಬಾಲ್ಕನ್ ದೇಶಗಳ ಗೆಳೆಯರು ಕೂತಿದ್ದಾರೆ. ಈ ಹಾಡು ಕೇಳಿಬರುತ್ತದೆ. ಪ್ರತಿಯೊಬ್ಬರೂ ಇದು ನಮ್ಮದು ಎನ್ನುತ್ತಾರೆ. ಪೀವಾ ಕ್ಯಾಮೆರಾ ಹಿಡಿದು ಟರ್ಕಿ, ಗ್ರೀಸ್, ಅಲ್ಬೇನಿಯಾ, ಬೋಸ್ನಿಯಾ, ಮ್ಯಾಸಿಡೋನಿಯಾ, ಸೆರ್ಬಿಯಾ, ಬಲ್ಗೇರಿಯಾಗಳನ್ನು ಸುತ್ತುತ್ತಾರೆ. ಹೋದಲ್ಲೆಲ್ಲ ಜನ ಅದನ್ನು ಪ್ರೀತಿಯಿಂದ ಹಾಡಿ ತೋರಿಸುತ್ತಾರೆ. ನೆರೆಯವರೂ ಇದನ್ನು ತಮ್ಮದೆನ್ನುತ್ತಾರೆ ಎಂದ ತಕ್ಷಣ ಮುಖ ಬದಲಾಗುತ್ತದೆ. ಸೆರ್ಬಿಯಾದ ದಕ್ಷಿಣದ ವ್ರಾನ್ಯೆ ಎಂಬ ಊರಿನಲ್ಲಿ ಅದೇ ಹಾಡಿನ ಬೋಸ್ನಿಯಾದ ಪಾಠವನ್ನು ಕೇಳಿಸಿದಾಗ ಕೂತವರು ಸಿಟ್ಟಿಗೇಳುತ್ತಾರೆ. ಆಕೆಯ ಸ್ವಂತ ನಾಡಾದ ಬಲ್ಗೇರಿಯಾದಲ್ಲಿ, ಸ್ತ್ರಾಂಜಾ ಬೆಟ್ಟಸೀಮೆಯ ಉತ್ಸವವೊಂದರಲ್ಲಿ, ಹಾಡು ಟರ್ಕಿಯಿಂದ ಬಂದಿರಬಹುದೇ ಎಂದು ಕೇಳಿದ್ದಕ್ಕೆ ಆಕೆಗೆ ಬೆದರಿಕೆಯೇ ಬರುತ್ತದೆ. ನಗುತ್ತಾ ಆರಂಭವಾದ ಚಿತ್ರ ಭಯದಲ್ಲಿ ಮುಗಿಯುತ್ತದೆ. ಯುಗೊಸ್ಲಾವಿಯಾ ಒಡೆದು ಯುದ್ಧಗಳು ನಡೆದ ದಶಕ ಆಗಷ್ಟೇ ಮುಗಿದಿತ್ತು ಎಂಬುದನ್ನು ನೆನಪಿನಲ್ಲಿಟ್ಟು ಆ ಚಿತ್ರವನ್ನು ನೋಡಬೇಕು.

ಈಗ ಹಾಡಿಗೆ ಬರೋಣ. ಟರ್ಕಿ ಭಾಷೆಯಲ್ಲಿ ಇದಕ್ಕೆ ‘ಕಾತಿಬಿಮ್’ ಎಂದೂ ಹೆಸರಿದೆ. ‘ನನ್ನ ಗುಮಾಸ್ತ’ ಎಂದು ಅರ್ಥ. ಉಸ್ಕುದಾರ್ ಎಂಬುದು ಇಸ್ತಾಂಬುಲ್‌ನಲ್ಲಿ ಬಾಸ್ಫರಸ್ ಜಲಸಂಧಿಯ ಏಷ್ಯಾ ದಡದ ಭಾಗ. ಉಸ್ಕುದಾರಿಗೆ ಹೋಗುವಾಗ ಮಳೆ ಬಂತು, ನನ್ನ ಗುಮಾಸ್ತನ ಕೋಟು ಉದ್ದ, ಅಂಚೆಲ್ಲ ಕೆಸರು, ನಿದ್ದೆಯಿಂದ ಎದ್ದವನ ಕಣ್ಣು ಇನ್ನೂ ಮಂಪರು: ಹೀಗೆ ಹೆಣ್ಣೊಬ್ಬಳು ಹಾಡುತ್ತಾಳೆ. ಅವನು ನನ್ನವನು, ನಾನು ಅವನವಳು, ಬೇರೆಯವರಿಗೇನು ಎಂದು ಮುಂದೆ ಬರುತ್ತದೆ. ಗಂಜಿ ಹಾಕಿದ ಅಂಗಿ ಅವನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂದೂ ಬರುತ್ತದೆ.

ಆ ಕೋಟು ಮತ್ತು ಗಂಜಿ ಹಾಕಿದ ಅಂಗಿಯನ್ನು ಗಮನಿಸಿ. ಇಸ್ತಾಂಬುಲ್‌ನಿಂದ ಆಳುತ್ತಿದ್ದ ಆಟೊಮನ್ ಸಾಮ್ರಾಜ್ಯದ ಸುಲ್ತಾನ ಎರಡನೇ ಮಹಮೂದ್ 1829ರಲ್ಲಿ ಸರ್ಕಾರಿ ನೌಕರರ ಉಡುಪನ್ನು ಬದಲಿಸಿ ಕಾನೂನು ತಂದ. ನಿಲುವಂಗಿ, ಪೇಟ ಹೋಗಿ ಕೋಟು, ಷರಾಯಿ, ಫೆಜ್ ಟೋಪಿ ಬಂದವು. ಕೋಟು ತೊಟ್ಟ ಗುಮಾಸ್ತನೆಂದರೆ ಆ ಕಾಲದ ಬೀದಿಗೆ ಹೊಸ ನೋಟ. ಹಾಗಾಗಿ ಈ ಮಾತುಗಳು ಆ ಬದಲಾವಣೆಗಿಂತ ಹಳೆಯವಾಗಿರಲಾರವು. ಮಾತಿನೊಳಗೇ ಅದರ ವಯಸ್ಸು ಕೂತಿದೆ. ಆದರೆ ಮಟ್ಟಿಗೆ ಹಾಗೆ ವಯಸ್ಸು ಹಚ್ಚಲು ಬರುವುದಿಲ್ಲ. ಮಟ್ಟಿನಲ್ಲಿ ಕೋಟಿಲ್ಲ, ಮಳೆಯಿಲ್ಲ, ಊರಿನ ಹೆಸರಿಲ್ಲ. ಟರ್ಕಿಯಲ್ಲೇ ಮಟ್ಟಿನ ಬಗ್ಗೆ ಒಂದು ಕಥೆ ಓಡಾಡುತ್ತದೆ: ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ಹೊತ್ತಿಗೆ, ಉಸ್ಕುದಾರಿನ ಸೆಲಿಮಿಯೆ ಸೇನಾ ವಸತಿಯಲ್ಲಿ ಬ್ರಿಟಿಷ್ ಪಡೆಗಳಿದ್ದವು, ಸ್ಕಾಟ್ಲೆಂಡಿನ ಸೈನಿಕರ ನಡಿಗೆಯ ವಾದ್ಯದಿಂದ ಈ ಮಟ್ಟು ಊರಿಗೆ ಇಳಿಯಿತು ಎಂದು. ಫ್ಲಾರೆನ್ಸ್ ನೈಟಿಂಗೇಲ್ ಗಾಯಾಳುಗಳ ಶುಶ್ರೂಷೆ ಮಾಡಿದ ಕಟ್ಟಡವೂ ಅದೇ. ಸ್ಕಾಟರ ಕಥೆಯನ್ನು ನಾನು ಕಥೆಯೆಂದೇ ತೆಗೆದುಕೊಳ್ಳುತ್ತೇನೆ. ಆದರೂ ಹಾಡನ್ನು ಅಷ್ಟು ಗಟ್ಟಿಯಾಗಿ ತಮ್ಮದೆನ್ನುವ ಊರಿನಲ್ಲೇ ಮಟ್ಟು ಹೊರಗಿನಿಂದ ಬಂತೆಂಬ ಮಾತೂ ಬದುಕಿದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇದೇ ಮಟ್ಟಿಗೆ ಬೋಸ್ನಿಯಾದವರು ಬೇರೆ ಮಾತು ಕಟ್ಟಿದ್ದಾರೆ. ಅಲ್ಲಿ ಹಾಡುವವನು ಗಂಡು. ಅನಾತೋಲಿಯದ ಹುಡುಗಿಯೇ, ನನ್ನ ಕಡೆ ನೋಡು, ನಿನಗೆ ಬಾದಾಮಿ ತಿನ್ನಿಸುತ್ತೇನೆ, ಶರಬತ್ತು ಕುಡಿಸುತ್ತೇನೆ ಎಂದು ಕರೆಯುತ್ತಾನೆ. ಸೆರ್ಬಿಯಾದಲ್ಲಿ ಅದು ಗಂಡುಹೆಣ್ಣಿನ ಸಂವಾದ. ನಿನ್ನ ಹೊನ್ನಗೂದಲಿನ ಮೇಲೆ ನಿನಗೆ ಮರುಕವಿಲ್ಲವೇ ಎಂದು ಅವನು ಕೇಳುತ್ತಾನೆ. ಮರುಕವಿದ್ದಿದ್ದರೆ ನಿನ್ನ ಕೈಗೆ ಕೊಟ್ಟು ಕೆದರಿಸಿಕೊಳ್ಳುತ್ತಿದ್ದೆನೇ ಎಂದು ಅವಳು ಉತ್ತರಿಸುತ್ತಾಳೆ. ನಿಮ್ಮ ಮಗಳ ಗೆಳತಿಯ ಅಜ್ಜಿ ಹಾಡುತ್ತಿದ್ದದ್ದು ಬಹುಶಃ ಇದನ್ನೇ. ಬಲ್ಗೇರಿಯಾದಲ್ಲಿ ಕಪ್ಪು ಕಣ್ಣಿನ ನಲ್ಲೆಯ ಮೇಲೆ ಒಂದು ಪಾಠವಿದೆ. ಸ್ತ್ರಾಂಜಾ ಸೀಮೆಯ ಇನ್ನೊಂದು ಪಾಠದಲ್ಲಿ ಪ್ರೇಮದ ಸುಳಿವೇ ಇಲ್ಲ: ಹಸಿರು ಕಾಡಿನ ಮೇಲೆ ತಿಳಿ ಚಂದ್ರ ಮೂಡುತ್ತಿದ್ದಾನೆ, ದಾಸ್ಯದಲ್ಲಿದ್ದವನು ಹೊಸ ವೀರಗೀತೆ ಎತ್ತುತ್ತಿದ್ದಾನೆ. ಅದು 1903ರ ಆಗಸ್ಟಿನಲ್ಲಿ ಆಟೊಮನ್ ಆಳ್ವಿಕೆಯ ವಿರುದ್ಧ ಅಲ್ಲಿ ನಡೆದ ದಂಗೆಯ ಹಾಡು. ಆ ದಂಗೆಯನ್ನು ತುಳಿದು ಹಾಕಲಾಯಿತು. ತಮ್ಮವರು ಯಾವ ಆಳ್ವಿಕೆಯ ವಿರುದ್ಧ ಸತ್ತರೋ ಅದೇ ಆಳ್ವಿಕೆಯ ರಾಜಧಾನಿಯ ಬೀದಿ ಮಟ್ಟು ಇದು ಎಂದರೆ ಸ್ತ್ರಾಂಜಾದವರ ಮನಸ್ಸಿಗೆ ಏನಾಗಬೇಡ? ಪೀವಾ ಅವರಿಗೆ ಬಂದ ಬೆದರಿಕೆಯನ್ನು ನಾನು ಎಳ್ಳಷ್ಟೂ ಒಪ್ಪುವುದಿಲ್ಲ. ಆದರೆ ಆ ನೋವು ಸುಳ್ಳಲ್ಲ.

ಗ್ರೀಕ್ ಪಾಠದ ಮೊದಲ ಸಾಲು ನನಗೆ ಬಹಳ ಪ್ರಿಯ. ‘ಪರನಾಡಿನಿಂದ, ಬಲು ದೂರದಿಂದ’ ಒಬ್ಬ ಹುಡುಗಿ ಬಂದಳು ಎಂದು ಅದು ತೊಡಗುತ್ತದೆ.

ಮಟ್ಟು ಇಷ್ಟು ಕಡೆ ಹೇಗೆ ಹೋಯಿತು ಎಂದು ನೀವು ಕೇಳಿಲ್ಲ, ಆದರೆ ಯಾರದು ಎಂಬ ಪ್ರಶ್ನೆಯ ಬೆನ್ನಿಗೇ ಇದೂ ಇದೆ. ಈಗ ನಾವು ಏಳೆಂಟು ದೇಶಗಳೆಂದು ಎಣಿಸುವ ನೆಲ ಶತಮಾನಗಳ ಕಾಲ ಒಂದೇ ಸಾಮ್ರಾಜ್ಯವಾಗಿತ್ತು. ವ್ರಾನ್ಯೆ ಸೆರ್ಬಿಯಾಕ್ಕೆ ಸೇರಿದ್ದು 1878ರಲ್ಲಿ. ಬೋಸ್ನಿಯಾದ ಸರಾಯೆವೊ ಆಸ್ಟ್ರಿಯಾ-ಹಂಗೇರಿಯ ಕೈಗೆ ಹೋದದ್ದೂ ಅದೇ ವರ್ಷ. ಮ್ಯಾಸಿಡೋನಿಯಾದ ಸ್ಕೋಪ್ಯೆ, ಗ್ರೀಸಿನ ಥೆಸಲೊನೀಕಿಗಳು 1912ರವರೆಗೂ ಇಸ್ತಾಂಬುಲ್‌ನ ಅಧೀನದಲ್ಲಿದ್ದವು. ಗುಮಾಸ್ತರು, ಸಿಪಾಯಿಗಳು, ವ್ಯಾಪಾರಿಗಳು ಒಂದೂರಿನಿಂದ ಇನ್ನೊಂದೂರಿಗೆ ವರ್ಗವಾಗುತ್ತ, ವ್ಯಾಪಾರ ಮಾಡುತ್ತ ಓಡಾಡಿದರು. ಅವರ ಜೊತೆ ಮಾತುಗಳೂ ಓಡಾಡಿದವು. ನಮ್ಮ ‘ಜೇಬು’ ಸೆರ್ಬಿಯಾದಲ್ಲಿ ‘ಜೆಪ್’, ನಮ್ಮ ‘ದಫ್ತರ’ ಬಲ್ಗೇರಿಯಾದಲ್ಲಿ ‘ತೆಫ್ತೆರ್’. ಆ ಪದಗಳು ಎರಡೂ ಕಡೆ ಬಂದದ್ದು ಅರಬ್ಬೀ, ಪಾರಸಿ, ಟರ್ಕಿ ದಾರಿಗಳಲ್ಲಿ. ಬೋಸ್ನಿಯಾದ ನಗರಗಳ ಪ್ರೇಮಗೀತೆಗೆ ‘ಸೆವ್ದಾಲಿಂಕಾ’ ಎಂಬ ಹೆಸರು ಬಂದದ್ದೂ ಹಾಗೆಯೇ. ಟರ್ಕಿಯ ‘ಸೆವ್ದಾ’ ಎಂದರೆ ಪ್ರೇಮ, ಅದರ ಅರಬ್ಬೀ ಮೂಲಕ್ಕೆ ದುಃಖ ತರುವ ಕರಿಪಿತ್ತ ಎಂಬ ಅರ್ಥ. ಸೆವ್ದಾಲಿಂಕಾ ಕೇಳಿದವರಿಗೆ ಆ ಎರಡು ಅರ್ಥಗಳು ಏಕೆ ಬೆಸೆದುಕೊಂಡಿವೆ ಎಂದು ವಿವರಿಸಬೇಕಿಲ್ಲ.

ಆಮೇಲೆ ಗ್ರಾಮಫೋನ್ ಬಂತು. ಇಸ್ತಾಂಬುಲ್‌ನಲ್ಲಿ ಧ್ವನಿಮುದ್ರಣವಾದ ತಟ್ಟೆಗಳು ಬಂದರು ನಗರಗಳಿಗೆಲ್ಲ ಹೋದವು. 1923ರಲ್ಲಿ ಗ್ರೀಸ್ ಮತ್ತು ಟರ್ಕಿಗಳ ನಡುವೆ ಜನರ ವಿನಿಮಯ ಒಪ್ಪಂದವಾಯಿತು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಾದರು, ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಟರ್ಕಿಯ ಪಾಲಾದರು. ಮನೆ, ಹೊಲ, ಗೋರಿಗಳನ್ನು ಬಿಟ್ಟು ಬಂದವರ ಕೈಯಲ್ಲಿ ಉಳಿದದ್ದು ಹಾಡುಗಳಷ್ಟೇ. ಇಸ್ತಾಂಬುಲ್‌ನ ಯಹೂದಿ ಮನೆತನದ ರೋಜಾ ಎಸ್ಕೆನಾಜಿ ಗ್ರೀಸಿನಲ್ಲಿ ನೆಲೆಸಿ ಗ್ರೀಕ್, ಟರ್ಕಿ, ಯಹೂದಿಯರ ಲದೀನೊ ಭಾಷೆಗಳಲ್ಲೆಲ್ಲ ಹಾಡಿದರು. ಅಂಥ ಒಂದು ಕಂಠವನ್ನು ಯಾವ ದೇಶದ ಕಪಾಟಿನಲ್ಲಿಡುತ್ತೀರಿ? ನಮ್ಮ ಹಾಡು ಅಷ್ಟಕ್ಕೇ ನಿಲ್ಲಲಿಲ್ಲ. 1924ರಲ್ಲಿ ಕ್ಲಾರಿನೆಟ್ ವಾದಕ ನಫ್ತುಲೆ ಬ್ರಾಂಡ್‌ವೈನ್ ಅಮೆರಿಕದಲ್ಲಿ ಈ ಮಟ್ಟನ್ನು ನುಡಿಸಿ ಮುದ್ರಿಸಿದರು, 1953ರಲ್ಲಿ ಅಲ್ಲಿನ ಗಾಯಕಿ ಅರ್ಥಾ ಕಿಟ್ ಹಾಡಿದರು. ಬಂಗಾಳದಲ್ಲಿ ಕಾಜಿ ನಜ್ರುಲ್ ಇಸ್ಲಾಂ ಇದೇ ಮಟ್ಟಿಗೆ ಪ್ರವಾದಿಯನ್ನು ಕುರಿತ ಭಕ್ತಿಗೀತೆ ರಚಿಸಿದರು.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ರೋಮಾ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರು ಎಂಬುದಕ್ಕೆ ಅವರ ನುಡಿಯೇ ಸಾಕ್ಷಿ. ಅವರಿಗೂ ನೀರು ‘ಪಾನಿ’, ಎರಡು ‘ದುಯಿ’, ಐದು ‘ಪಾಂಜ್’. ವ್ರಾನ್ಯೆಯ ಮದುವೆಗಳಲ್ಲಿ ಹಿತ್ತಾಳೆಯ ಕಹಳೆ ಊದುವವರು ಅವರೇ. ಒಂದು ಊರಿನ ಹಬ್ಬದಲ್ಲಿ ಕಲಿತ ಮಟ್ಟನ್ನು ಇನ್ನೊಂದು ಊರಿನ ಮದುವೆಗೆ ಒಯ್ದವರು, ಮುಸ್ಲಿಮರ ಮನೆಯಲ್ಲೂ ಕ್ರೈಸ್ತರ ಮನೆಯಲ್ಲೂ ನುಡಿಸಿದವರು ಅವರೇ. ಆದರೆ ಮಾಸ್ತರರೇ, ನುಡಿಯ ಬೇರು ಭಾರತದಲ್ಲಿದೆ ಎಂಬುದರಿಂದ ಮಟ್ಟಿನ ಬೇರೂ ಇಲ್ಲೇ ಇದೆ ಎಂದು ಆಗುವುದಿಲ್ಲ. ಸಾವಿರ ವರ್ಷ ಅವರು ಬಾಳಿದ್ದು ಆ ದಾರಿಗಳಲ್ಲಿ, ಆ ಊರುಗಳಲ್ಲಿ. ಹಾಡುಗಾರಿಕೆಯನ್ನು ಅವರು ಬೆಳೆಸಿದ್ದು ಅಲ್ಲಿ, ಅವಮಾನ ಉಂಡದ್ದೂ ಅಲ್ಲಿ. ಊರಿನ ಮದುವೆಗೆ ಅವರ ಕಹಳೆ ಬೇಕು, ಹಾಡಿನ ಒಡೆತನದ ಜಗಳದಲ್ಲಿ ಅವರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಂಥವರ ಶ್ರಮವನ್ನು ನಾವು ದೂರದಿಂದ ‘ನಮ್ಮದು’ ಎಂದುಬಿಟ್ಟರೆ ಅವರಿಂದ ಮತ್ತೊಮ್ಮೆ ಕಿತ್ತುಕೊಂಡಂತೆ.

ಹೋಲಿಕೆಯೊಂದೇ ಮೂಲವನ್ನು ತೋರಿಸುವುದಿಲ್ಲ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. ‘ಯೊವಾನೊ ಯೊವಾಂಕೆ’ ಎಂಬ ಹಾಡನ್ನು ಮ್ಯಾಸಿಡೋನಿಯಾದವರೂ ಬಲ್ಗೇರಿಯಾದವರೂ ತಮ್ಮದೆನ್ನುತ್ತಾರೆ. ವರ್ದಾರ್ ನದಿಯ ದಡದಲ್ಲಿ ಬಟ್ಟೆ ಬಿಳಿಮಾಡಲು ಹರವುವ ಯೊವಾನಾ ಎಂಬ ಹುಡುಗಿಯ ಹಾಡು ಅದು. ಅದರ ಲಯ ಏಳು ಎಣಿಕೆಯದು: ಮೂರು, ಎರಡು, ಎರಡು. ನಮ್ಮ ಕರ್ನಾಟಕ ಸಂಗೀತದ ಮಿಶ್ರಛಾಪು ತಾಳ ಬಲ್ಲವರು ಕೈತಟ್ಟಿ ನೋಡಿ, ಸಲೀಸಾಗಿ ಕೂರುತ್ತದೆ. ಹಾಗೆಂದು ಮಿಶ್ರಛಾಪು ವರ್ದಾರ್ ದಡದಿಂದ ಬಂತೆಂದು ಹೇಳುವವರು ಯಾರಿದ್ದಾರೆ? ಅಲ್ಲಿಗೆ ಇಲ್ಲಿಂದ ಹೋಯಿತೆಂದು ಹೇಳುವುದೂ ಅಷ್ಟೇ ಆಧಾರವಿಲ್ಲದ ಮಾತು.

ಹಂಗೇರಿಯ ಬೇಲಾ ಬಾರ್ಟೋಕ್ ತಮ್ಮ ನೆಲದ ಹಾಡುಗಳ ಜೊತೆ ರುಮೇನಿಯನ್ನರ, ಸ್ಲೊವಾಕರ ಹಾಡುಗಳನ್ನೂ ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ ಸಂಗೀತಗಾರ. ಟ್ರಾನ್ಸಿಲ್ವೇನಿಯಾವನ್ನು ಹಂಗೇರಿ ಕಳೆದುಕೊಳ್ಳುತ್ತಿದ್ದ 1920ರಲ್ಲಿ, ಅಲ್ಲಿನ ರುಮೇನಿಯನ್ನರ ಸಂಗೀತದ ಕುರಿತ ಅವರ ಅಧ್ಯಯನ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ದೇಶದ್ರೋಹದ ಮಾತುಗಳು ಪತ್ರಿಕೆಗಳಲ್ಲಿ ಕೇಳಿಬಂದವು. ಅವರು ಎದೆಗುಂದಲಿಲ್ಲ. 1936ರಲ್ಲಿ ಟರ್ಕಿಗೆ ಹೋಗಿ ಅಲ್ಲಿಯೂ ಹಾಡು ಮುದ್ರಿಸಿದರು. ಯುರೋಪು ಜನಾಂಗ ಶುದ್ಧಿಯ ಹೆಸರಿನಲ್ಲಿ ಉರಿಯುತ್ತಿದ್ದ 1942ರಲ್ಲಿ, ಅಮೆರಿಕದಲ್ಲಿದ್ದ ಬಾರ್ಟೋಕ್ ಒಂದು ಪುಟ್ಟ ಲೇಖನ ಬರೆದು, ಜನಪದ ಸಂಗೀತ ಸಿರಿವಂತವಾಗುವುದು ಜನಗಳ ಕೊಡುಕೊಳೆಯಿಂದ, ಶುದ್ಧಿಯಿಂದಲ್ಲ ಎಂದು ನೇರವಾಗಿ ಹೇಳಿದರು. ಸಾವಿರಾರು ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದ ಕಿವಿಯ ಮಾತು ಅದು. ನನ್ನ ಮಟ್ಟಿಗೆ ಅದರ ತೂಕ ದೊಡ್ಡದು.

ಆದರೂ ಜಗಳ ಏಕೆ ಇಷ್ಟು ಬಿಸಿ? ಏಕೆಂದರೆ ಆ ನಾಡುಗಳು ತಾವೊಂದು ಜನ ಎಂದು ಜಗತ್ತಿಗೆ ತೋರಿಸಿದ್ದೇ ಹಾಡಿನ ಮೂಲಕ. ‘ಹಸನಗಿನಿತ್ಸಾ’ ಎಂಬ ಕಥನಗೀತೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಕಾಡಿನಲ್ಲಿ ಬೆಳ್ಳಗೆ ಕಾಣುವುದೇನು, ಹಿಮವೇ, ಹಂಸಗಳೇ ಎಂದು ಹಾಡು ಕೇಳುತ್ತದೆ. ಎರಡೂ ಅಲ್ಲ, ಗಾಯಗೊಂಡ ಹಸನ್ ಆಗಾ ಎಂಬ ಸರದಾರನ ಡೇರೆ. ತಾಯಿ ಬಂದು ನೋಡಿದಳು, ತಂಗಿ ಬಂದು ನೋಡಿದಳು, ಹೆಂಡತಿ ನಾಚಿಕೆಯಿಂದ ಬರಲಿಲ್ಲ. ಅದಕ್ಕೇ ಆಗಾ ಅವಳನ್ನು ಬಿಟ್ಟುಬಿಡುತ್ತಾನೆ. ಅಣ್ಣ ಅವಳನ್ನು ಇಮೋಟ್ಸ್ಕಿ ಊರಿನ ಕಾಜಿಗೆ ಕೊಡಲು ನಿಶ್ಚಯಿಸುತ್ತಾನೆ. ಹಳೆಯ ಮನೆಯ ಮುಂದೆ ಹಾದುಹೋಗುವಾಗ ಮಕ್ಕಳು ಕಾಣಬಾರದೆಂದು ಅವಳು ಉದ್ದನೆಯ ಮುಸುಕು ಬೇಡುತ್ತಾಳೆ. ಮಕ್ಕಳು ಕಂಡೇ ಕಾಣುತ್ತಾರೆ. ನಿಮ್ಮ ತಾಯಿಯದು ಕಲ್ಲೆದೆ, ಇತ್ತ ಬನ್ನಿ ಎಂದು ಆಗಾ ಕರೆದದ್ದು ಕಿವಿಗೆ ಬಿದ್ದು ಅವಳು ಅಲ್ಲೇ ಕುಸಿದು ಪ್ರಾಣ ಬಿಡುತ್ತಾಳೆ.

ಇದನ್ನು ಇಟಲಿಯ ಪಾದ್ರಿ ಅಲ್ಬೆರ್ತೊ ಫೋರ್ಟಿಸ್ ತಮ್ಮ ಡಾಲ್ಮೇಷಿಯಾ ಪ್ರವಾಸ ಕಥನದಲ್ಲಿ 1774ರಲ್ಲಿ ಅಚ್ಚು ಹಾಕಿಸಿದರು. ಮಹಾಕವಿ ಗಯಟೆ ಜರ್ಮನ್‌ಗೆ ತಂದರು, ಅದು 1778ರಲ್ಲಿ ಜರ್ಮನಿಯ ಚಿಂತಕ ಹೆರ್ಡರ್ ಅವರ ಜನಪದ ಗೀತೆಗಳ ಸಂಗ್ರಹದಲ್ಲಿ ಸೇರಿತು. ಸೆರ್ಬಿಯಾದ ಜನಪದ ಸಂಗ್ರಾಹಕ ವುಕ್ ಕರಾಜಿಚ್ 1814ರಲ್ಲಿ ವಿಯೆನ್ನಾದಲ್ಲಿ ತಂದ ತಮ್ಮ ಮೊದಲ ಹಾಡಿನ ಪುಸ್ತಕದಲ್ಲಿ ಸೇರಿಸಿದರು. ಇಮೋಟ್ಸ್ಕಿ ಇಂದು ಕ್ರೊಯೇಷಿಯಾದಲ್ಲಿದೆ, ಹಾಡಿನ ಪಾತ್ರಗಳು ಮುಸ್ಲಿಮರು, ಜಗತ್ತಿಗೆ ಹಂಚಿದವರಲ್ಲಿ ಪ್ರಮುಖರು ಸೆರ್ಬಿಯಾದ ವುಕ್. ಮೂರು ಜನಗಳ ಶಾಲಾ ಪಠ್ಯಗಳಿಗೂ ಅದು ಸಲ್ಲುತ್ತದೆ. ಅವಳು ಯಾವ ಜನದವಳು ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಆ ಮುಸುಕು ನೆನಪಾಗುತ್ತದೆ.

ಹಾಗಾದರೆ ಹಾಡು ಎಲ್ಲರದ್ದು ಎಂದು ಸುಮ್ಮನಾಗೋಣವೇ? ನಿಮ್ಮ ಈ ಕೊನೆಯ ಮಾತಿಗೆ ನಾನು ಒಪ್ಪಲಾರೆ. ಮಟ್ಟಿನ ವಿಷಯದಲ್ಲಿ ಅದು ನಡೆಯುತ್ತದೆ, ಅಚ್ಚಾದ ಕಾಗದದ ವಿಷಯದಲ್ಲಿ ನಡೆಯುವುದಿಲ್ಲ. ಓಹ್ರಿದ್ ಸರೋವರದ ದಡದ ಸ್ತ್ರೂಗಾ ಊರಿನ ದಿಮಿತರ್ ಮತ್ತು ಕೊನ್‌ಸ್ತಾಂತಿನ್ ಮಿಲಾದಿನೊವ್ ಸಹೋದರರು ನೂರಾರು ಹಾಡುಗಳನ್ನು ಕೂಡಿಹಾಕಿದರು. ಕ್ರೊಯೇಷಿಯಾದ ಬಿಷಪ್ ಸ್ಟ್ರಾಸ್‌ಮಾಯರ್ ಅವರ ನೆರವಿನಿಂದ 1861ರಲ್ಲಿ ಝಾಗ್ರೆಬ್‌ನಲ್ಲಿ ಪುಸ್ತಕ ಹೊರಬಂತು. ಮುಖಪುಟದ ಹೆಸರು ‘ಬಲ್ಗೇರಿಯನ್ ಜನಪದ ಹಾಡುಗಳು’. ಮರುವರ್ಷ ಜನವರಿಯಲ್ಲಿ ಇಬ್ಬರೂ ಇಸ್ತಾಂಬುಲ್‌ನ ಸೆರೆಮನೆಯಲ್ಲಿ ತೀರಿಕೊಂಡರು. ಸಂಗ್ರಹದ ಹೆಚ್ಚಿನ ಹಾಡುಗಳು ಮ್ಯಾಸಿಡೋನಿಯಾ ಸೀಮೆಯವು. ಇಂದಿನ ಉತ್ತರ ಮ್ಯಾಸಿಡೋನಿಯಾದ ಜನ ಆ ನುಡಿಯನ್ನು ತಮ್ಮ ನುಡಿಯೆನ್ನುತ್ತಾರೆ. ಅದು ಅವರ ಹಕ್ಕು. ಆದರೆ ಸ್ಕೋಪ್ಯೆಯಲ್ಲಿ ಪುಸ್ತಕವನ್ನು ಮರುಮುದ್ರಿಸಿದಾಗ ‘ಬಲ್ಗೇರಿಯನ್’ ಎಂಬ ಮಾತನ್ನು ಕೈಬಿಟ್ಟು ಬರಿಯ ‘ಸಂಗ್ರಹ’ ಎಂದು ಹೆಸರಿಟ್ಟರು. ಇದನ್ನು ನಾನು ತಪ್ಪೆನ್ನುತ್ತೇನೆ. ಸಂಪಾದಕನ ಕುರ್ಚಿಯಲ್ಲಿ ಕೂತವನಿಗೆ ಇದು ಸಣ್ಣ ವಿಷಯವಲ್ಲ. ಸತ್ತವರು ತಮ್ಮ ಪುಸ್ತಕಕ್ಕೆ ಇಟ್ಟ ಹೆಸರನ್ನು ಬದುಕಿರುವವರು ಅನುಕೂಲಕ್ಕೆ ತಕ್ಕಂತೆ ಅಳಿಸಬಾರದು. ಬೇಕಾದರೆ ಕೆಳಗೆ ಟಿಪ್ಪಣಿ ಬರೆಯಲಿ. ಅದೇ ಉಸಿರಿನಲ್ಲಿ ಇನ್ನೊಂದು ಮಾತು: 1861ರ ಮುಖಪುಟವನ್ನು ತೋರಿಸಿ ಇಂದಿನ ಮ್ಯಾಸಿಡೋನಿಯಾದವರಿಗೆ ಸ್ವಂತ ನುಡಿಯೇ ಇಲ್ಲ ಎಂದು ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಹೇಳುವವರ ವಾದವೂ ನ್ಯಾಯವಲ್ಲ. ಆ ಕಾಗದದಿಂದ ತಿಳಿಯುವುದು ಆ ಇಬ್ಬರು ಆ ವರ್ಷ ಏನೆಂದು ಕರೆದರು ಎಂಬುದಷ್ಟೇ.

ಯುನೆಸ್ಕೊ 2003ರಲ್ಲಿ, ಅಂದರೆ ಪೀವಾ ಅವರ ಚಿತ್ರ ಬಂದ ವರ್ಷವೇ, ಅಮೂರ್ತ ಪರಂಪರೆಯ ಒಪ್ಪಂದವನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ ಹೆಸರು ಬಂದರೆ ಒಡೆತನ ಸಿಕ್ಕಿತೆಂದು ಪತ್ರಿಕೆಗಳು ಬರೆಯುತ್ತವೆ. ಹಾಗೇನೂ ಇಲ್ಲ, ಒಂದು ಆಚರಣೆ ಒಂದು ಸಮುದಾಯದಲ್ಲಿ ಜೀವಂತವಾಗಿದೆ ಎಂಬ ಗುರುತು ಅದು. ಗುಸ್ಲೆ ಎಂಬ ತಂತಿವಾದ್ಯದ ಜೊತೆಗಿನ ಗಾಯನವನ್ನು 2018ರಲ್ಲಿ ಸೆರ್ಬಿಯಾ ಸೇರಿಸಿತು, ಆದರೆ ಮಾಂಟೆನೆಗ್ರೊದಲ್ಲೂ ಕ್ರೊಯೇಷಿಯಾದಲ್ಲೂ ಗುಸ್ಲೆ ನುಡಿಯುವುದು ನಿಂತಿಲ್ಲ. ಮಾರ್ಚ್ 1ರಂದು ಕೆಂಪು ಬಿಳಿ ನೂಲು ಕಟ್ಟಿಕೊಳ್ಳುವ ಪದ್ಧತಿಯನ್ನು ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ಮಾಲ್ಡೋವಾ, ರುಮೇನಿಯಾ ಒಟ್ಟಾಗಿ 2017ರಲ್ಲಿ ಸೇರಿಸಿದವು. ಬೇರೆ ವಿಷಯಗಳಲ್ಲಿ ಹಟ ಹಿಡಿಯುವ ನೆರೆಹೊರೆಯವರು ಒಂದು ನೂಲಿನ ವಿಷಯದಲ್ಲಿ ಹೀಗೆ ಕೂಡಿದ್ದನ್ನು ಓದಿ ನನಗೆ ತುಂಬ ಸಂತೋಷವಾಗಿತ್ತು.

ಮುಂದಿನ ಸಂಚಿಕೆಯಲ್ಲಿ ನಾವು ಅಚ್ಚು ಹಾಕುವ ತಿದ್ದುಪಡಿ ಹೀಗಿರುತ್ತದೆ: “‘ಟರ್ಕಿಯ ಹಾಡು’ ಎಂಬಲ್ಲಿ ‘ಟರ್ಕಿ ಭಾಷೆಯಲ್ಲಿ ಉಸ್ಕುದಾರ್ ಎಂದು ಹಾಡುವ, ಸೆರ್ಬಿಯಾ, ಬೋಸ್ನಿಯಾ, ಬಲ್ಗೇರಿಯಾ, ಮ್ಯಾಸಿಡೋನಿಯಾ, ಅಲ್ಬೇನಿಯಾ, ಗ್ರೀಸ್‌ಗಳಲ್ಲಿ ಬೇರೆ ಮಾತುಗಳಲ್ಲಿ ಹಾಡುವ ಮಟ್ಟು’ ಎಂದು ಓದಿಕೊಳ್ಳಬೇಕು.” ಉದ್ದವಾಯಿತು, ಆದರೆ ಇದಕ್ಕಿಂತ ಕಡಿಮೆ ಮಾತಿನಲ್ಲಿ ನಿಜ ಹೇಳಲು ನನಗೆ ಬರಲಿಲ್ಲ.

ನಿಮ್ಮ ಮಗಳಿಗೆ ಒಂದು ಕೋರಿಕೆ ತಲುಪಿಸಿ. ಹಾಡು ಯಾರದು ಎಂಬ ಮಾತು ಇನ್ನು ಬೇಡ. ಗೆಳತಿಯ ಬಳಿ ಅಜ್ಜಿ ಹಾಡುತ್ತಿದ್ದ ಮಾತುಗಳನ್ನು ಪೂರ್ತಿಯಾಗಿ ಬರೆಸಿಕೊಳ್ಳಲು ಹೇಳಿ. ಅಜ್ಜಿ ಯಾವ ಊರಿನವರು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು, ಅವರಿಗೆ ಕಲಿಸಿದವರು ಯಾರು ಎಂದೂ ಕೇಳಲಿ. ಬರೆದು ಕಳುಹಿಸಿದರೆ, ಆಕೆಯ ಒಪ್ಪಿಗೆ ಪಡೆದು, ಕನ್ನಡದ ಅರ್ಥದೊಂದಿಗೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.

ನಿಮ್ಮ ವಿಶ್ವಾಸಿ,
ಸಂಪಾದಕ